ಹದಿನಾಲ್ಕನೇ ಪ್ಲಾಟಿನಲ್ಲಿ ಯಾರೂ ಇಲ್ಲ

ಜೂನ್ 26, ಗುರುವಾರ

ಬೂಟು ಇವತ್ತೂ ಕಚ್ಚಿತು. ಎಡಗಾಲಿನ ಹಿಮ್ಮಡಿಗೆ ಎರಡು ಬ್ಯಾಂಡೇಜ್. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂದಳು. ಪ್ರಪಂಚದ ಎಲ್ಲ ಕಷ್ಟಕ್ಕೂ ಅಮ್ಮನ ಹತ್ತಿರ ಇರುವುದು ಅದೊಂದೇ.

ಹೊಸ ನೆಲದ ಕ್ಲಾಸಿನಲ್ಲಿ ಮತ್ತೆ ಅದೇ ರೂಲ್ಸ್. ವಾಂಜಿರು ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ ಬಾಯಿಪಾಠ ಒಪ್ಪಿಸಿಕೊಂಡರು. ನಾನು ನಡುವೆ ತಡವರಿಸಿದೆ. ಶನಿವಾರ ತಪ್ಪಬಾರದು ಅಂತ ಇಲ್ಲೂ ಬರೆಯುತ್ತಿದ್ದೇನೆ.

ಮಳೆ ಮುಗಿದ ಮೇಲೆ ನಮ್ಮ ಬಡಾವಣೆ ಲೊರೆಶೋ ಆಚೆ ಪ್ರತಿ ವರ್ಷ ಹೊಸ ನೆಲ ಬರುತ್ತದೆ. ಬಂದಾಗ ಹಸಿ. ಹದಿನಾರು–ಹದಿನೇಳು ವಯಸ್ಸಿನವರಿಗೆ ಮಾತ್ರ ಕಾಣುತ್ತದೆ, ದೊಡ್ಡವರಿಗೆ ಬರೀ ಮಂಜು. ನೋಡಿ ಬರಲು ಹೋಗುವವರು ವಾಕರ್, ಒಬ್ಬ ವಾಕರ್‌ಗೆ ಒಂದು ಪ್ಲಾಟ್. ಬೆಳಿಗ್ಗೆ ಒಂಟಿಯಾಗಿ ಹೋಗಿ, ಮಧ್ಯಾಹ್ನದೊಳಗೆ ಹೊಸ ನೆಲದ ಅಂಚಿನ ಗೆರೆಗೆ ವಾಪಸ್ ಬಂದು, ನೆಲದ ಕಡೆ ಮುಖ ಮಾಡಿ, ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು. ಮೊದಲು ಕಲಿತ ಭಾಷೆಯಲ್ಲೇ ಹೇಳಬೇಕು, ನೆಲಕ್ಕೆ ಬೇರೆ ಭಾಷೆ ಕೇಳಿಸುವುದಿಲ್ಲ. ಹೇಳಿದ್ದು ಉಳಿಯುತ್ತದೆ. ಹೇಳದೆ ಬಿಟ್ಟದ್ದು ಇಪ್ಪತ್ತೊಂದನೇ ದಿನ ಸೂರ್ಯ ಮುಳುಗಿದ ಮೇಲೆ ಇರುವುದಿಲ್ಲ. ಅಷ್ಟರೊಳಗೆ ತಿದ್ದಬಹುದು. ಹೇಳಿದವರೇ ತಿದ್ದಬೇಕು.

ಮನೆ ಕಂಡರೆ — ಅಲ್ಲಿರುವವರ ಹೆಸರು ಕೇಳಬೇಕು. ಕೊಟ್ಟದ್ದನ್ನು ತಿನ್ನಬೇಕು, ಕುಡಿಯಬೇಕು. ಆ ಹೆಸರನ್ನು ಗೆರೆಯಲ್ಲಿ ಹೇಳಬೇಕು. ಆಮೇಲೆ ಮೂರು ರಾತ್ರಿ ಆ ಮನೆಯಲ್ಲಿ ಅತಿಥಿಯಾಗಿದ್ದು, ನಾಲ್ಕನೇ ಬೆಳಿಗ್ಗೆ ಮನೆಯವರನ್ನು ಕೈಹಿಡಿದು ಗೆರೆಗೆ ಕರೆತರಬೇಕು. ಅಲ್ಲಿಗೆ ಪ್ಲಾಟ್ ಅವರದು. ಬೇರೆ ಯಾರೂ ಒಂದು ಗೂಟ ಹೊಡೆಯುವ ಹಾಗಿಲ್ಲ.

ನನ್ನದು ಹದಿನಾಲ್ಕನೇ ಪ್ಲಾಟ್. ನನ್ನ ಸ್ಕೂಲಿನ ಆಂಜೆಲಾದು ಹೋದ ವರ್ಷ ಹದಿಮೂರು, ಪಕ್ಕದ್ದೇ. ಅವಳಿಗೆ ಮನೆ ಸಿಕ್ಕಿತ್ತು, ಕೊಂಕಣಿಯಲ್ಲಿ ಹೇಳಿ ಬಂದಿದ್ದಳು. ಈಗಲೂ ಭಾನುವಾರ ಚರ್ಚ್ ಮುಗಿಸಿ ಅವರನ್ನು ನೋಡಲು ಹೋಗುತ್ತಾಳೆ.

ಮ್ಪಾಕಾ ಆಫೀಸಿನಲ್ಲಿ — ಅಪ್ಪ ಮಾತ್ರ ಅದನ್ನು 'ಗಡಿ ಕಚೇರಿ' ಅನ್ನುವುದು — ಕನ್ನಡ ಬರುವವರು ಒಬ್ಬರೂ ಇಲ್ಲ. ಹಾಗಾಗಿ ನಾನು ಹೇಳಿದ್ದನ್ನು ಅಪ್ಪ ಇಂಗ್ಲಿಷಿಗೆ ಹಾಕಬೇಕು, ವಾಂಜಿರು ಮೇಡಂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಪ್ಪನಿಗೆ ಅದೇ ಸಂಭ್ರಮ. ಬಾತ್‌ರೂಮಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾರೆ.

ಅಭಿ ಬಂದು ಹೆಗಲ ಮೇಲಿಂದ ಇಣುಕಿದ. ಇಣುಕಲಿ. ಆರು ವರ್ಷದ ಹಿಂದೆ ಮೈಸೂರು ಬಿಟ್ಟಾಗ ಅವನಿಗೆ ಐದು ವರ್ಷ, ಅ ಆ ಕೂಡ ಬರುವುದಿಲ್ಲ. ತಮ್ಮ ಇರುವ ಮನೆಯಲ್ಲಿ ಡೈರಿ ಕನ್ನಡದಲ್ಲೇ ಬರೆಯಬೇಕು.

ಜೂನ್ 28, ಶನಿವಾರ, ಸಂಜೆ 4

ಮುಗಿಯಿತು. ಹುಲ್ಲು, ಒಂದು ತೊರೆ, ಆಲದಂಥ ದೊಡ್ಡ ಮುಗುಮೊ ಮರ, ಕರಿ ಬಂಡೆಗಳು. ಯಾರೂ ಇಲ್ಲ. ಅಪ್ಪ ಇಂಗ್ಲಿಷಿನಲ್ಲಿ ನನಗಿಂತ ಚೆನ್ನಾಗಿ ಹೇಳಿದರು.

ಕಾಲು ನೋವು. ಆರಕ್ಕೆ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಫಂಕ್ಷನ್. ಸೀರೆ ಉಡಬೇಕು. ಎಲ್ಲ ಚೆನ್ನಾಗಿಯೇ ಆಯಿತು.

ಜೂನ್ 29, ಭಾನುವಾರ

ನಿನ್ನೆ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದೆ. ಇಂಥ ದಡ್ಡಿ ಇನ್ನೊಬ್ಬಳು ಇರಲಾರಳು.

ಮೊದಲು ಫಂಕ್ಷನ್ ಬರೆದು ಮುಗಿಸುತ್ತೇನೆ, ಅದು ಸುಲಭ. ದೇವಸ್ಥಾನದ ಹಾಲ್, ಕನ್ನಡದ ನಲವತ್ತು ಕುಟುಂಬ, ಬಿಸಿಬೇಳೆಬಾತು. ಚಿದಾನಂದ ಅಂಕಲ್ ಮೈಕ್ ಹಿಡಿದರೆ ಬಿಡುವವರಲ್ಲ. "ನಮ್ಮ ಕನ್ನಡದ ಮಗು ಒಂದು ಮಾತು ಹೇಳಿದ್ರೆ ಆಫ್ರಿಕಾದ ನೆಲ ಗಟ್ಟಿಯಾಗುತ್ತೆ ಅಂದ್ರೆ ಸಾಮಾನ್ಯಾನಾ? ಮನೇಲಿ ಮಕ್ಕಳ ಹತ್ರ ಇಂಗ್ಲಿಷ್ ಮಾತಾಡೋರು ಸ್ವಲ್ಪ ಕೇಳಿಸ್ಕೊಳ್ಳಿ!" ಎಲ್ಲರೂ ನಕ್ಕರು. ನನಗೆ ಶಾಲು ಹೊದಿಸಿದರು. ಹಾಲ್ ಒಳಗೆ ಸೆಕೆ, ಶಾಲು ಚುಚ್ಚುತ್ತಿತ್ತು, ತೆಗೆಯುವ ಹಾಗಿಲ್ಲ. ಅಮ್ಮ ಫೋಟೋ ತೆಗೆದು ಮೈಸೂರಿಗೆಲ್ಲ ಕಳಿಸಿದಳು.

ಈಗ ನಿಜ.

ಮುಗುಮೊ ಮರದ ಹಿಂದೆ ಮನೆ ಇತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಒಲೆಯ ಹೊಗೆ. ಎರಡು ಮೇಕೆ. ಒಬ್ಬ ಹೆಂಗಸು ಬೆನ್ನಿಗೆ ಮಗು ಕಟ್ಟಿಕೊಂಡು ಹೊರಗೆ ಬಂದಳು. ಅಮ್ಮನಿಗಿಂತ ಚಿಕ್ಕವಳು. ಅವಳ ಮಾತು ನನಗೆ ಕನ್ನಡವಾಗಿಯೇ ಕೇಳಿಸಿತು. ಹೊಸ ನೆಲದಲ್ಲಿ ಹಾಗೇ ಆಗುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದರು, ಆದರೂ ಬೆಚ್ಚಿದೆ. ನಂಜನಗೂಡಿನ ಅಜ್ಜಿಯ ಮಾತಿನ ಹಾಗಿತ್ತು.

"ಬಾ ತಾಯಿ, ಕೂತ್ಕೋ. ಅಷ್ಟು ದೂರದಿಂದ ನಡ್ಕೊಂಡು ಬಂದಿದೀಯ. ನೀನು ಬರ್ತೀಯ ಅಂತ ಬೆಳಗ್ಗಿಂದ ಕಾಯ್ತಿದ್ದೆ."

ಹೆಸರು ಸೆರುಯಾ ಅಂದಳು. ಮಗುವಿಗೆ ಇನ್ನೂ ಹೆಸರಿಲ್ಲ, ಗೆರೆ ದಾಟಿದ ಮೇಲೆ ಇಡುತ್ತೇವೆ ಅಂದಳು. ಮಗು ನನ್ನ ಬೂಟಿನ ಲೇಸು ನೋಡಿ ನಗುತ್ತಿತ್ತು. ಸೋರೆಬುರುಡೆಯಲ್ಲಿ ಹಾಲು ತಂದಳು. ಹುಳಿ ಬಂದ ಹಾಲು, ಅದರಲ್ಲಿ ಇದ್ದಿಲ ಪುಡಿ, ಬೂದುಬಣ್ಣ. ಬುರುಡೆಯ ಬಾಯಿಯನ್ನು ಅಂಗೈಯಿಂದ ಒರೆಸಿ ನನ್ನ ಮುಖದ ಹತ್ತಿರ ಹಿಡಿದಳು. ಹೊಗೆ ವಾಸನೆ, ಮೇಕೆ ವಾಸನೆ, ಹುಳಿ.

"ಇವತ್ತು ನನಗೆ ಉಪವಾಸ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಅದು ಅಮ್ಮನ ಮಾತು. ಯಾರ ಮನೆಯಲ್ಲಿ ಏನು ಕೊಟ್ಟರೂ, ಪಾತ್ರೆಯಲ್ಲಿ ಮೊದಲು ಏನು ಬೇಯಿಸಿದ್ದರೋ ಅಂತ ಅನುಮಾನ ಬಂದರೂ, ಅಮ್ಮ ನಗುತ್ತಾ 'ಇವತ್ತು ಉಪವಾಸ' ಅನ್ನುತ್ತಾಳೆ. ಯಾರಿಗೂ ಬೇಜಾರಾಗುವುದಿಲ್ಲ. ಅಪ್ಪನ ಆಫೀಸಿನವರು ಅಮ್ಮನನ್ನು ಮಹಾ ದೈವಭಕ್ತೆ ಅಂದುಕೊಂಡಿದ್ದಾರೆ.

ಸೆರುಯಾ ಬುರುಡೆಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಬಟ್ಟೆ ಮುಚ್ಚಿದಳು. "ತಪ್ಪಾಯ್ತು ತಾಯಿ, ನಂಗೆ ಗೊತ್ತಿರ್ಲಿಲ್ಲ" ಅಂದಳು, ಎರಡು ಸಲ.

ವಾಪಸ್ ಬರುವ ದಾರಿಯುದ್ದಕ್ಕೂ ನನಗೆ ನಾನೇ ವಕೀಲಿ ಮಾಡಿಕೊಂಡೆ. ಕುಡಿದಿಲ್ಲ, ಅಂದ ಮೇಲೆ ಅದು ಮನೆ ಕಂಡ ಲೆಕ್ಕವಲ್ಲ. ಮೂರು ರಾತ್ರಿ ಅಲ್ಲಿ ಮಲಗಬೇಕು. ಮೂರು ಹೊತ್ತೂ ಆ ಬುರುಡೆ. ಸಂಜೆ ಫಂಕ್ಷನ್ ಬೇರೆ, ಸೀರೆಗೆ ಇಸ್ತ್ರಿ ಆಗಿತ್ತು.

ಅಪ್ಪನ ಕಂಪನಿ ಹೊಸ ನೆಲದಲ್ಲಿ ಟವರ್ ನಿಲ್ಲಿಸುತ್ತದೆ. ಈ ಸಲದ್ದು ಹದಿನಾಲ್ಕರಲ್ಲಿ. ನಿನ್ನೆ ಬೆಳಿಗ್ಗೆ ಕಾರಿನಲ್ಲಿ ಅಪ್ಪ "ಖಾಲಿ ಇದ್ರೆ ಒಳ್ಳೇದು ಪುಟ್ಟಿ" ಅಂದಿದ್ದರು. ಅಷ್ಟೇ ಅಂದದ್ದು. ಗೆರೆಯಲ್ಲಿ ನಿಂತು ಹುಲ್ಲು, ತೊರೆ, ಮರ, ಬಂಡೆ ಅಂತ ಹೇಳಿ ನಿಲ್ಲಿಸಿದೆ. ವಾಂಜಿರು ಮೇಡಂ ತಲೆ ಎತ್ತದೆ "ಎನಿಬಡಿ?" ಅಂದರು. ಅಪ್ಪ ನನ್ನ ಕಡೆ ತಿರುಗಿ, "ಯಾರಾದ್ರೂ ಇದ್ರಾ?"

ಯಾರೂ ಇಲ್ಲ ಅಂದೆ. ಗಟ್ಟಿಯಾಗಿ. ಅಚ್ಚಗನ್ನಡದಲ್ಲಿ.

ಎಲ್ಲವನ್ನೂ ಅಪ್ಪನ ಮೇಲೆ ಹಾಕಬಹುದು. ಆದರೆ ಅಪ್ಪನಿಗಾಗಿ ಹೇಳಿದ ಸುಳ್ಳಲ್ಲ ಅದು. ವಾಸನೆಗೆ ಹೇಳಿದ್ದು. ಒಂದು ಬುರುಡೆ ಹಾಲಿನ ವಾಸನೆಗೆ ಹೆದರಿ ಒಂದು ಮನೆಯನ್ನೇ ಇಲ್ಲ ಅಂದೆ. ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಜುಲೈ 1, ಮಂಗಳವಾರ

ಆಂಜೆಲಾ ಲಂಚ್ ಬ್ರೇಕಿನಲ್ಲಿ ಬಂದು ಪಕ್ಕ ಕೂತಳು.

"ಎಂತ ಮಾರಾಯ್ತಿ, ನಿಂದು ಖಾಲಿ ಅಂತೆ? ನನ್ನ ಹದಿಮೂರರ ಮನೆಯವರು ಕೇಳ್ತಿದ್ರು, ಶನಿವಾರ ಪಕ್ಕದಲ್ಲಿ ಹೊಗೆ ಕಾಣ್ತಿತ್ತು, ನೆರೆಯವರು ಬಂದ್ರಾ ಅಂತ. ಅವರಿಗೆ ಕೊಡ್ಲಿಕ್ಕೆ ಬೀಜ ಎಲ್ಲ ತೆಗ್ದಿಟ್ಟಿದ್ದಾರೆ."

"ಮಂಜು ಇರಬೇಕು" ಅಂದೆ.

"ಮಂಜಿಗೂ ಹೊಗೆಗೂ ಅವರಿಗೆ ಗೊತ್ತಾಗುದಿಲ್ವಾ?"

ಡಬ್ಬಿ ಮುಚ್ಚಿ ಲೈಬ್ರರಿಗೆ ಹೋದೆ. ಒಂದು ಸುಳ್ಳಿಗೆ ಕಾವಲು ಕೂರಲು ಇನ್ನೊಂದು ಬೇಕಾಯಿತು. ಲೈಬ್ರರಿಯಲ್ಲಿ ಒಂದು ಪುಟವೂ ಓದಲಾಗಲಿಲ್ಲ.

ಜುಲೈ 6, ಭಾನುವಾರ

ಇವತ್ತು ನಿಜವಾದ ಏಕಾದಶಿ. ಅಮ್ಮ ನಿಜವಾಗಿಯೂ ಉಪವಾಸ. ನಾನೂ ಮಾಡುತ್ತೇನೆ ಅಂದೆ. ಅಮ್ಮನಿಗೆ ಖುಷಿಯೋ ಖುಷಿ. "ದೊಡ್ಡೋಳಾದ್ಲು ನಮ್ಮ ನಿಹಾರಿಕಾ" ಅಂತ ಅಜ್ಜಿಗೆ ಫೋನ್ ಹಚ್ಚಿದಳು. ಎಂಟು ದಿನದಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ ಅನ್ನುವುದು ಅವಳ ಗಮನಕ್ಕೆ ಬಂದಿಲ್ಲ.

ಮಧ್ಯಾಹ್ನ ಗ್ರೇಸ್ ತನ್ನ ಡಬ್ಬಿ ತೆಗೆದಳು. ನಾವು ಲೊರೆಶೋಗೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳ ಡಬ್ಬಿಯಲ್ಲಿ ಗಿಥೇರಿ, ಮುಸುಕಿನ ಜೋಳ ಮತ್ತು ಬೀನ್ಸ್ ಕಾಳು ಬೇಯಿಸಿದ್ದು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಏನೂ ಇಲ್ಲ. ಆರು ವರ್ಷದಲ್ಲಿ ಎಷ್ಟು ಸಲ ಅಮ್ಮನಿಗೆ ಕೊಡಲು ಬಂದಿದ್ದಾಳೋ. ಪ್ರತಿ ಸಲವೂ ಅಮ್ಮನಿಗೆ ಉಪವಾಸ.

ಇವತ್ತು ನನ್ನನ್ನು ಕೇಳಿದಳು. "ಯು ಆಲ್ಸೋ ಫಾಸ್ಟಿಂಗ್? ಲೈಕ್ ಮಮಾ?"

ಹೌದು ಅಂದೆ. ಇವತ್ತಾದರೂ ಅದು ನಿಜ.

"ಗುಡ್ ಗರ್ಲ್" ಅಂದಳು. ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದಳು, ನನ್ನೆದುರು ತಿನ್ನಬಾರದು ಅಂತ. ಅವಳಿಗೆ ನಮ್ಮ ಉಪವಾಸದ ಮೇಲೆ ನಮಗಿಂತ ಹೆಚ್ಚು ಮರ್ಯಾದೆ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ 9, ಬುಧವಾರ

ಸ್ಕೂಲಿನಿಂದ ಅಪ್ಪನ ಜೊತೆ ಬಂದೆ. ವಯಾಕಿ ವೇ ರಸ್ತೆಯಲ್ಲಿ ಟ್ರಾಫಿಕ್ ಜಾಮ್. ನಲವತ್ತು ನಿಮಿಷ ನಾವಿಬ್ಬರೇ. ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಅಂದುಕೊಂಡೆ. ಮುಂದಿನ ಮಟಾಟು ವ್ಯಾನು ಮೂರಡಿ ಹೋದರೆ ಹೇಳುತ್ತೇನೆ ಅಂದುಕೊಂಡೆ. ಹೋಯಿತು. ಆ ನೀಲಿ ಬಸ್ಸಿನವರೆಗೆ ಹೋದರೆ ಅಂದುಕೊಂಡೆ. ಅದೂ ಆಯಿತು.

ಅಪ್ಪನೇ ಶುರು ಮಾಡಿದರು. ಟವರಿನ ಕಂಬಗಳು ಮೊಂಬಾಸಾದಿಂದ ಹೊರಟಿವೆ. ಜುಲೈ ಇಪ್ಪತ್ತೊಂದಕ್ಕೆ ಲಾರಿ ಹದಿನಾಲ್ಕನೇ ಪ್ಲಾಟಿಗೆ ಹೋಗುತ್ತದೆ. ಅಪ್ಪನ ಬಾಸ್ ಕೃಷ್ಣಪ್ರಸಾದ್ ಅಂಕಲ್ ಮೀಟಿಂಗಿನಲ್ಲಿ ಎಲ್ಲರೆದುರು "ಚಕ್ರಪಾಣಿ ಮಗಳು ನಮಗೆ ದಾರಿ ಕ್ಲಿಯರ್ ಮಾಡಿದ್ಲು" ಅಂದರಂತೆ.

"ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ" ಅಂದರು ಅಪ್ಪ. ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು.

ಮನೆ ಬಂತು.

ಜುಲೈ 15, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯದಿದ್ದರೆ ದಿನ ಮುಂದೆ ಹೋಗುವುದಿಲ್ಲ ಅನ್ನುವ ಹಾಗೆ. ಇವತ್ತು ಹದಿನೇಳನೇ ದಿನ.

ಆಂಜೆಲಾ ಸ್ಕೂಲಿನಿಂದ ನೇರ ಗೆರೆಗೆ ಎಳೆದುಕೊಂಡು ಹೋದಳು. ಕೈ ಬಿಡಲಿಲ್ಲ. ಬೇಲಿಯ ಹತ್ತಿರ ನಿಂತು "ನೋಡು" ಅಂದಳು.

ಮುಗುಮೊ ಮರ ಗಟ್ಟಿಯಾಗಿದೆ. ಬಂಡೆಗಳೂ ಅಷ್ಟೇ. ನಾನು ಹೇಳಿದ್ದೆಲ್ಲ ಬಿಸಿಲಿಗೆ ಹೊಳೆಯುತ್ತಿದೆ. ಮರದ ಹಿಂದಿನ ಮನೆ ಮಾತ್ರ ಎಷ್ಟೋ ಸಲ ಒಗೆದ ಬಟ್ಟೆಯ ಹಾಗಾಗಿದೆ, ಬಣ್ಣವೇ ಇಲ್ಲ. ಹೊಗೆ ಇಲ್ಲ. ಸೆರುಯಾ ಹೊರಗಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದುತ್ತಿದ್ದಳು. ಊದಿದಳು, ಊದಿದಳು. ಹತ್ತಲಿಲ್ಲ. ಮಗು ಬೆನ್ನ ಮೇಲೆ ಬಾಯಿ ದೊಡ್ಡದಾಗಿ ತೆರೆದು ಅಳುತ್ತಿತ್ತು. ಶಬ್ದವೇ ಇಲ್ಲ. ಪಕ್ಕದ ಪ್ಲಾಟಿನಿಂದ ಮೇಕೆ ಹುಲ್ಲು ಹರಿಯುವ ಸದ್ದು ನಾವು ನಿಂತಲ್ಲಿಗೆ ಕೇಳಿಸುತ್ತಿತ್ತು. ಈ ಮಗುವಿನದು ಮಾತ್ರ ಇಲ್ಲ.

"ನಿಂಗೆ ಕಂಡಿತ್ತು" ಅಂದಳು ಆಂಜೆಲಾ. ಕೇಳಿದ್ದಲ್ಲ.

ತಲೆ ಆಡಿಸಿದೆ.

"ನಾನು ಯಾರಿಗೂ ಹೇಳುದಿಲ್ಲ. ಹೇಳಿಯೂ ಪ್ರಯೋಜನ ಇಲ್ಲ. ನನ್ನ ಕೊಂಕಣಿ ನಿನ್ನ ಪ್ಲಾಟಿಗೆ ಕೇಳುದಿಲ್ಲ ಮಾರಾಯ್ತಿ. ನೀನೇ ಹೇಳ್ಬೇಕು." ಆಮೇಲೆ, ನನ್ನ ಮುಖ ನೋಡದೆ, "ಮೂರು ರಾತ್ರಿ ಇರ್ಲಿಕ್ಕೆ ನಂಗೂ ಹೆದರಿಕೆ ಆಗಿತ್ತು. ಆದ್ರೆ ಇದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಸ್ಪ್ರಿಂಗ್ ವ್ಯಾಲಿ ಕಡೆಗೆ ಒಬ್ಬಳೇ ನಡೆದು ಹೋದಳು.

ಜುಲೈ 17, ಗುರುವಾರ

ಹೇಳಿದೆ. ಊಟದ ಟೇಬಲಿನಲ್ಲಿ, ಅಭಿ ಟ್ಯೂಷನ್‌ಗೆ ಹೋದಾಗ. ಮೊದಲಿನಿಂದ ಕೊನೆಯವರೆಗೆ, ತಟ್ಟೆ ನೋಡಿಕೊಂಡು. ವಾಸನೆಯ ವಿಷಯವನ್ನೂ.

ಅಮ್ಮನ ಮುಖ ಕೆಂಪಾಯಿತು. "ಉಪವಾಸ ಅಂದ್ರೆ ಅದು ಸುಳ್ಳಾ? ಅವರ ಮನಸ್ಸಿಗೆ ನೋವಾಗಬಾರದು ಅಂತ ತಾನೆ ಹೇಳೋದು? ನಾನೇನು ಯಾರಿಗಾದ್ರೂ ಕೆಟ್ಟದು ಮಾಡಿದೀನಾ?"

"ನಿನ್ನ ಬಗ್ಗೆ ಹೇಳ್ತಿಲ್ಲಮ್ಮ."

"ಮತ್ತೆ ಯಾರ ಬಗ್ಗೆ? ನನ್ನಿಂದಾನೆ ಕಲ್ತಿದ್ದು ಅಲ್ವಾ?" ಅಂದಳು. ಎದ್ದು ಹೋಗಿ ಸಿಂಕಿನ ಮುಂದೆ ನಿಂತಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಅಪ್ಪ ಅನ್ನ ಕಲಸುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, "ಇನ್ನು ಎರಡು ದಿನ ಇರೋದು. ಲಾರಿ ಸೋಮವಾರ. ಅವರು... ಅಲ್ಲಿರೋರು ಎಲ್ಲಾದ್ರೂ ಬೇರೆ ಕಡೆ ಹೋಗ್ತಾರೇನೋ ಪುಟ್ಟಿ."

"ಹೋಗಲ್ಲಪ್ಪ. ಇರೋದೇ ಇಲ್ಲ."

ಅಪ್ಪ ಕಲಸಿದ ಅನ್ನ ಹಾಗೇ ಬಿಟ್ಟು ಕೈ ತೊಳೆದರು. ನನ್ನನ್ನು ನೋಡಲಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ನನ್ನ ಮುಖ ನೋಡದೆ ಎದ್ದು ಹೋದದ್ದು ಇದೇ ಮೊದಲು. ನಾಳೆ ಅವರು ಬರದಿದ್ದರೆ ಏನು ಮಾಡಲಿ? ನಾನು ಹೇಳಿದ್ದು ನೆಲಕ್ಕೆ ಕೇಳಿಸೀತು, ಪುಸ್ತಕಕ್ಕೆ ಹೋಗುವುದಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಲಾರಿ ಹೋಗುತ್ತದೆ.

ಜುಲೈ 18, ಶುಕ್ರವಾರ, ಮಧ್ಯಾಹ್ನ 2

ಬೆಳಿಗ್ಗೆ ಏಳಕ್ಕೆ ಅಪ್ಪ ಕಾರಿನಲ್ಲಿ ಕೂತಿದ್ದರು. ಇಂಜಿನ್ ಆನ್ ಇತ್ತು.

ವಾಂಜಿರು ಮೇಡಂ ಟೀ ಕುಡಿಯುತ್ತಿದ್ದರು. ತಿದ್ದುಪಡಿ ಇದೆ ಅಂದೆ. ಅವರು ಕನ್ನಡಕ ಹಾಕಿಕೊಂಡು, ಪುಸ್ತಕ ತೆಗೆದು, ಜೂನ್ ಇಪ್ಪತ್ತೆಂಟರ ಪುಟ ಹುಡುಕಿ, ಅಪ್ಪನ ಕಡೆ ನೋಡಿದರು.

ನಾನು ಕನ್ನಡದಲ್ಲಿ ಹೇಳಿದೆ. "ಅವತ್ತು ನಾನು ಸುಳ್ಳು ಹೇಳಿದೆ. ಹದಿನಾಲ್ಕರಲ್ಲಿ ಮನೆ ಇದೆ."

ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಹೊರಗೆ ಯಾರೋ ಜೆರಿಕ್ಯಾನ್ ಎಳೆಯುತ್ತಿದ್ದ ಸದ್ದು. ಅಪ್ಪ ನನ್ನ ಕಡೆ ಬಗ್ಗಿ ಕನ್ನಡದಲ್ಲೇ ಹೇಳಿದರು: "ಇದನ್ನ ನಾನು ಇಂಗ್ಲಿಷಿಗೆ ಹಾಕಿದ್ರೆ ಮುಗೀತು. ಆಮೇಲೆ ವಾಪಸ್ ತಗೊಳ್ಳೋಕಾಗಲ್ಲ. ನಿನ್ನ ಹೆಸರಿನ ಮುಂದೆ ಯಾವಾಗ್ಲೂ ಇರುತ್ತೆ."

"ಹಾಕಿ ಅಪ್ಪ."

ಹಾಕಿದರು. ಮೈ ಡಾಟರ್ ಲೈಡ್. ಬಾತ್‌ರೂಮಿನಲ್ಲಿ ಪ್ರಾಕ್ಟೀಸ್ ಮಾಡಿದ ದನಿ ಅಲ್ಲ ಅದು. ಆಮೇಲೆ ನಾನು ಹೇಳದೇ ಇದ್ದದ್ದನ್ನೂ ಹೇಳಿದರು. ಅವತ್ತು ಬೆಳಿಗ್ಗೆ ಕಾರಿನಲ್ಲಿ ಖಾಲಿ ಇದ್ದರೆ ಒಳ್ಳೆಯದು ಅಂದದ್ದು ತಾವೇ. "ಅದನ್ನೂ ಬರೆದುಕೊಳ್ಳಿ, ನನ್ನ ಹೆಸರೂ ಹಾಕಿ" ಅಂದರು. ಮೇಡಂ ಬರೆದುಕೊಂಡರು. ಸ್ಪೆಲ್ಲಿಂಗ್ ಕೇಳಿದರು.

ನನಗೆ ಅಪ್ಪನ ಕೈ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಹಿಡಿಯುವ ಯೋಗ್ಯತೆ ಇಲ್ಲ ಅನ್ನಿಸಿತು.

ಮೇಡಂ ಬೈಯಲಿಲ್ಲ. ಹಳೆಯ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. ಇನ್ನು ಮುಂದೆ ನಾನು ವಾಕರ್ ಅಲ್ಲ ಅಂದರು. ನಾಳೆ ಬೆಳಿಗ್ಗೆ ಹೋಗಿ ಮೂರು ರಾತ್ರಿ ಇದ್ದು ಅವರನ್ನು ಕರೆತರಬೇಕು, ಅದು ತಪ್ಪುವುದಿಲ್ಲ. ಮತ್ತೆ ಕಿಟಕಿಯಾಚೆಯ ನೆಲದ ಕಡೆ ಕೈ ತೋರಿಸಿ, "ನನಗೆ ಹೇಳಿದ್ದಾಯಿತು. ಈಗ ಅದಕ್ಕೆ ಹೇಳು" ಅಂದರು ಇಂಗ್ಲಿಷಿನಲ್ಲಿ.

ಗೆರೆಯಲ್ಲಿ ನಿಂತು ಹೇಳಿದೆ. ಮರದ ಹಿಂದೆ ಮನೆ ಇದೆ. ಮನೆಯಲ್ಲಿ ಸೆರುಯಾ ಇದ್ದಾಳೆ. ಅವಳ ಮಗು ಇದೆ, ಹೆಸರು ಇನ್ನೂ ಇಟ್ಟಿಲ್ಲ. ಎರಡು ಮೇಕೆ, ಒಂದು ಒಲೆ, ಒಲೆಯಲ್ಲಿ ಬೆಂಕಿ. ಎರಡು ಸಲ ಹೇಳಿದೆ.

ವಾಪಸ್ ಬರುವಾಗ ಅಪ್ಪ ಕೃಷ್ಣಪ್ರಸಾದ್ ಅಂಕಲ್‌ಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ. ಬೇಕೆಂದೇ ಇರಬೇಕು, ನಾನು ಕೇಳಲಿ ಅಂತ. ಅಂಕಲ್ ಕೂಗಾಡಿದರು. ಅಪ್ಪ ಹೂಂ ಸರ್, ಹೂಂ ಸರ್ ಅಂದರು. ಫೋನ್ ಇಟ್ಟ ಮೇಲೆ "ಹಸಿವಾಗಿದ್ಯಾ?" ಅಂತ ಕೇಳಿದರು. ಲೊರೆಶೋ ತಿರುವಿನಲ್ಲಿ ಸುಟ್ಟ ಜೋಳ ಕೊಡಿಸಿದರು. ಮೂರು ವಾರದಲ್ಲಿ ಪೂರ್ತಿ ತಿಂದದ್ದು ಅದೊಂದೇ.

ಸಂಜೆ 5

ಅಮ್ಮ ಬ್ಯಾಗ್ ತುಂಬುತ್ತಿದ್ದಾಳೆ. ಚಕ್ಕುಲಿ, ಅವಲಕ್ಕಿ, ಬಿಸ್ಕೆಟ್. ತುಂಬಿದಳು, ಮತ್ತೆ ಎಲ್ಲ ತೆಗೆದಳು. "ಬೇಡ. ಅಲ್ಲಿ ಕೊಟ್ಟಿದ್ದನ್ನೇ ತಿನ್ನು" ಅಂದಳು. ನನ್ನ ಎರಡು ಜೊತೆ ಬಟ್ಟೆ, ಮಗುವಿಗೆ ಒಂದು ಉಲ್ಲನ್ ಟೋಪಿ. ಅಭಿ ಸಣ್ಣವನಿದ್ದಾಗಿನದು.

ಜುಲೈ 19, ಶನಿವಾರ, ಬೆಳಿಗ್ಗೆ 9.20

ಸೆರುಯಾಳ ಮನೆಯಲ್ಲಿದ್ದೇನೆ. ಚಾಪೆಯ ಮೇಲೆ. ಮನೆ ಇದೆ. ಗೋಡೆ ಮುಟ್ಟಿ ನೋಡಿದೆ, ಬೆಚ್ಚಗಿದೆ. ಮಗು ಇದೆ. ಅಳುತ್ತಿದೆ. ಕಿವಿ ಕಿತ್ತುಹೋಗುವ ಹಾಗೆ ಅಳುತ್ತಿದೆ, ಅಳಲಿ.

ದಾರಿಯುದ್ದಕ್ಕೂ ಸಿದ್ಧವಾಗಿದ್ದೆ. ಉಗಿಯುತ್ತಾಳೆ, ಬಾಗಿಲು ಹಾಕುತ್ತಾಳೆ, ಕಲ್ಲು ತೂರಿದರೂ ಸರಿಯೇ. ಅವಳು ನನ್ನನ್ನು ದೂರದಿಂದ ನೋಡಿ ಓಡಿ ಬಂದಳು. ತುಂಬಾ ಸೊರಗಿದ್ದಾಳೆ, ಕೆನ್ನೆಯ ಮೂಳೆ ಕಾಣುತ್ತಿದೆ. ಬಂದವಳೇ ಎರಡೂ ಕೈ ನೆಲಕ್ಕೆ ಊರಿ ತಲೆ ತಗ್ಗಿಸಿದಳು. ನನ್ನ ಮುಂದೆ.

"ಕ್ಷಮಿಸ್ಬಿಟ್ಯಲ್ಲ ತಾಯಿ" ಅಂದಳು.

ನನಗೆ ಅರ್ಥವಾಗಲಿಲ್ಲ. ಎಬ್ಬಿಸಲು ಹೋದೆ, ಏಳಲಿಲ್ಲ.

"ನೀನು ಹೋದ ಮಾರನೇ ದಿನವೇ ಒಲೆ ಹತ್ತಲಿಲ್ಲ. ಮೇಕೆ ಹಾಲು ಬತ್ತಿಹೋಯ್ತು. ಮಗೂಗೆ ದನಿ ನಿಂತುಹೋಯ್ತು. ಆಗ ನಂಗೆ ಗೊತ್ತಾಯ್ತು, ಉಪವಾಸ ಇರೋ ಹುಡುಗಿ ಬಾಯಿಗೆ ಹಾಲು ಹಿಡಿದ್ನಲ್ಲ, ಅದರ ಪಾಪ ಇದು ಅಂತ. ಅವತ್ತಿಂದ ನಾನೂ ಹಾಲು ಮುಟ್ಟಲಿಲ್ಲ. ಬರೀ ನೀರು, ಸೊಪ್ಪು. ಎದೆ ಹಾಲೂ ಕಮ್ಮಿಯಾಯ್ತು, ಆದ್ರೂ ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ತಾನಾಗೇ ಬೆಂಕಿ ಹತ್ತಿತು. ನೀನು ಕ್ಷಮಿಸಿದೆ ಅಂತ ಆಗ ಗೊತ್ತಾಯ್ತು."

ಅವಳು ಕಣ್ಣೊರೆಸಿಕೊಂಡು, ಚಾಪೆ ಹಾಸಿ, ನನ್ನನ್ನು ಕೂರಿಸಿ, ಮೇಕೆಯ ಹಾಲು ಕರೆಯಲು ಹೋದಳು. ನಾನು ಪುಸ್ತಕ ತೆಗೆದೆ.

ಮ್ಪಾಕಾ ಆಫೀಸಿಗೆ ಗೊತ್ತು. ಅಪ್ಪ ಅಮ್ಮನಿಗೆ, ಆಂಜೆಲಾಗೆ ಗೊತ್ತು. ಕೃಷ್ಣಪ್ರಸಾದ್ ಅಂಕಲ್‌ಗೆ ಗೊತ್ತು ಅಂದಮೇಲೆ ಇಷ್ಟು ಹೊತ್ತಿಗೆ ಪಾರ್ಕ್‌ಲ್ಯಾಂಡ್ಸ್‌ನ ನಲವತ್ತು ಮನೆಗೂ ಗೊತ್ತಾಗಿರುತ್ತದೆ. ಗೊತ್ತಿಲ್ಲದೆ ಇರುವುದು ಇವಳೊಬ್ಬಳಿಗೇ.

ಇವಳಿಗೆ ಹೇಳಬೇಕು ಅಂತ ರೂಲ್ ಇಲ್ಲ. ಮನೆ ಉಳಿದಿದೆ, ಮಗು ಉಳಿದಿದೆ. ಮೂರು ರಾತ್ರಿ ಸುಮ್ಮನಿದ್ದರೆ ಸಾಕು. ಇಡೀ ಊರಿನಲ್ಲಿ ನನ್ನನ್ನು ಒಳ್ಳೆಯವಳು ಅಂದುಕೊಂಡವಳು ಇವಳೊಬ್ಬಳು ಉಳಿಯುತ್ತಾಳೆ. ಅದು ಬೇಕು ಅನ್ನಿಸುತ್ತಿದೆ. ಎಷ್ಟು ಬೇಕು ಅನ್ನಿಸುತ್ತಿದೆ ಅಂದರೆ ನನಗೇ ಅಸಹ್ಯವಾಗುತ್ತಿದೆ. ಇಪ್ಪತ್ತು ದಿನ ಅವಳು ಹಸಿದದ್ದು ನನ್ನ ಸುಳ್ಳು ಉಪವಾಸದ ಮೇಲಿನ ಮರ್ಯಾದೆಗೆ.

ಬಂದಳು. ಕೈಯಲ್ಲಿ ಬುರುಡೆ ಇದೆ. ಒಳಗೆ ಬರುತ್ತಿಲ್ಲ, ಹೊಸ್ತಿಲಲ್ಲೇ ನಿಂತಿದ್ದಾಳೆ. ಕೇಳುತ್ತಿದ್ದಾಳೆ — "ಇವತ್ತು ಉಪವಾಸ ಇಲ್ಲ ತಾನೆ ತಾಯಿ?"

ಇಲ್ಲ ಅಂದೆ.

ಇನ್ನೂ ನಿಂತಿದ್ದಾಳೆ, ಕೊಡಲು ಹೆದರಿಕೆ ಅವಳಿಗೆ. ಪೆನ್ನು ಇಡಬೇಕು. ಅವತ್ತೂ ಉಪವಾಸ ಇರಲಿಲ್ಲ ಅಂತ ಇವಳಿಗೆ —